ಕೊಟ್ರಪ್ಪ ಮಾಸ್ತರು ಕೊಟ್ಟ ನಡತೆ ಪತ್ರ

ಹೋದ ತಿಂಗಳು ಹುಬ್ಬಳ್ಳಿಯಿಂದ ಗಡ್ಡ ಬಿಟ್ಟ ಒಬ್ಬಾತ ಗಂಗಾವತಿಯ ನಮ್ಮ ಮನೆಗೆ ಬಂದಿದ್ದ. ಚಹಾ ಮುಟ್ಟುವ ಮೊದಲೇ ಚೀಲದಿಂದ ಬಿಳಿ ಕೈಗವಸು ತೆಗೆದು ಹಾಕಿಕೊಂಡ. ಯಾರಿಗೆ ಸೂಜಿ ಚುಚ್ಚಲು ಬಂದಿದ್ದಾನೋ ಎಂದು ನನಗೆ ಗಾಬರಿಯಾಯಿತು. ಅವನಿಗೆ ಬೇಕಾಗಿದ್ದದ್ದು ನಮ್ಮಣ್ಣ ಗೋವಿಂದರಾಜನ ಟ್ರಂಕಿನಲ್ಲಿದ್ದ ‘ಹಗೇವು’ ಎಂಬ ಪತ್ರಿಕೆಯ ಹಳೆಯ ಸಂಚಿಕೆಗಳು. ಒಂದೊಂದೇ ಹಾಳೆಯನ್ನು ಹಸುಗೂಸಿನಂತೆ ಎತ್ತಿ ಎತ್ತಿ ಫೋಟೊ ಹೊಡೆದುಕೊಂಡ. ಮೇಜಿನ ಸುತ್ತ ಕುಳಿತು, ದಾಳ ಹಾಕಿ, ಒಬ್ಬ ವೀರ ಇನ್ನೊಬ್ಬ ಮಾಂತ್ರಿಕ ಎಂದು ಪಾತ್ರ ಕಟ್ಟಿಕೊಂಡು ಬಾಯಿಮಾತಿನಲ್ಲೇ ಯುದ್ಧ ಮಾಡುವ ಆಟವೊಂದಿದೆ. ಅದಕ್ಕೆ ಇಷ್ಟು ಹಿಂದೆಯೇ ನಮ್ಮೂರಲ್ಲಿ ಒಂದು ಸಂಘ, ಸಂಘಕ್ಕೊಂದು ಪತ್ರಿಕೆ ಇದ್ದದ್ದು ಅವನಿಗೆ ಭಾರೀ ಸೋಜಿಗ. “ಇದರ ಸಂಪಾದಕರು ದೊಡ್ಡ ದಾರ್ಶನಿಕರು ಮೇಡಂ” ಎಂದ.

ದಾರ್ಶನಿಕರು! ಚಹಾದ ತಟ್ಟೆ ಅವನ ಗವಸಿನ ಮೇಲೆ ಬೀಳುವುದೊಂದು ಬಾಕಿ. ಆ ಸಂಪಾದಕರು ಬೇರೆ ಯಾರೂ ಅಲ್ಲ, ಕೆಲವು ವರ್ಷಗಳ ಹಿಂದೆ ತೀರಿಕೊಂಡ ಕೊಟ್ರಪ್ಪ ಮಾಸ್ತರು. ಗಡ್ಡದವನು ಹೋದ ಮೇಲೆ ಎಲ್ಲ ಸಂಚಿಕೆಗಳನ್ನೂ ಹರವಿಕೊಂಡು ಕುಳಿತೆ. ಓದಿದಷ್ಟೂ ಮೈ ಉರಿಯಿತು. ತೀರಿಹೋದವರನ್ನು ಆಡಿಕೊಳ್ಳಬಾರದೆಂದು ನಮ್ಮವ್ವ ಹಂಪವ್ವ ಹೇಳುತ್ತಿದ್ದಳು. ಅವ್ವ ಇಂಥ ಎಷ್ಟೋ ಒಳ್ಳೆಯ ಮಾತು ಹೇಳುತ್ತಿದ್ದಳು, ನಾನು ಎಷ್ಟನ್ನು ಕೇಳಿದ್ದೇನೆ?

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ ಅದು, ತೊಂಬತ್ತೇಳು. ಅಣ್ಣ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ. ಅವನ ಶಾಲೆಯ ಗೆಳೆಯ ರಸೂಲಸಾಬ ಸಾಣಾಪುರದಲ್ಲಿ ಪರದೇಶದವರಿಗೆ ಸೈಕಲ್ ಬಾಡಿಗೆ ಕೊಡುತ್ತಿದ್ದ. ಅವರಲ್ಲಿ ಯಾವನೋ ಒಬ್ಬ ಸೈಕಲ್ಲಿನ ಬುಟ್ಟಿಯಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಚಿತ್ರವಿಚಿತ್ರ ಮೂಲೆಗಳ ದಾಳಗಳ ಒಂದು ಚೀಲವನ್ನೂ ಮರೆತು ಹೋದ. ರಸೂಲಸಾಬ ಅದನ್ನು ಅಣ್ಣನಿಗೆ ತಂದುಕೊಟ್ಟ. ಅಣ್ಣನಿಗೆ ಇಂಗ್ಲಿಷ್ ಬರುತ್ತಿತ್ತೆಂದಲ್ಲ. ಅವನ ಬಳಿ ನಿಘಂಟು ಇತ್ತು. ಬುದ್ಧಿಯಿಲ್ಲದವನ ಕೈಗೆ ನಿಘಂಟು ಸಿಕ್ಕರೆ ಏನೇನು ಅನಾಹುತ ಆಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪುಸ್ತಕದ ವೀರರು ನೆಲದಡಿಯ ಕತ್ತಲೆ ಕೋಣೆಗಳಿಗೆ ಇಳಿದು, ಭೂತಗಳನ್ನು ಬಡಿದು ಬಂಗಾರ ಎತ್ತಿಕೊಂಡು ಬರುತ್ತಾರೆ. ನೆಲದಡಿ ಏನಿರುತ್ತದೆ? ನಮ್ಮ ಕಡೆ ಜೋಳ ತುಂಬಿಡಲು ತೋಡುತ್ತಿದ್ದ ಹಗೇವು. ಅಣ್ಣ ಹಾಗೆಯೇ ಬರೆದ. ಅಲ್ಲಿಂದ ಅವರ ವೀರರೆಲ್ಲ ಕತ್ತಿ ಹಿಡಿದು ಜೋಳದ ಗುಂಡಿಗೆ ಇಳಿಯತೊಡಗಿದರು. ಇದನ್ನಾದರೂ ನಕ್ಕು ಬಿಡಬಹುದಿತ್ತು. ಆಟಗಾರ ತನ್ನ ಪಾತ್ರದ ಹೆಸರು, ಕಸುಬು, ಬಲವೆಷ್ಟು, ಬುದ್ಧಿಯೆಷ್ಟು ಎಂದು ಬರೆದಿಟ್ಟುಕೊಳ್ಳುವ ಹಾಳೆಗೆ ಪುಸ್ತಕದಲ್ಲಿ ಕ್ಯಾರೆಕ್ಟರ್ ಶೀಟ್ ಎಂದಿತ್ತು. ಕ್ಯಾರೆಕ್ಟರ್ ಎಂದರೆ ನಮ್ಮಲ್ಲಿ ಯಾರಿಗೇ ಆಗಲಿ ಒಂದೇ ಅರ್ಥ, ಶಾಲೆ ಬಿಡುವಾಗ ಶಿಕ್ಕಾ ಒತ್ತಿ ಕೊಡುವ ಸರ್ಟಿಫಿಕೇಟು. ಅಣ್ಣ ‘ನಡತೆ ಪತ್ರ’ ಎಂದು ಬರೆದ. ಆಟಕ್ಕೂ ‘ನಡತೆ ಆಟ’ ಎಂದೇ ಹೆಸರಾಯಿತು. ಇನ್ನು, ಆಟ ನಡೆಸುವವನನ್ನು ಪುಸ್ತಕ ‘ಮಾಸ್ಟರ್’ ಎಂದು ಕರೆದಿತ್ತು.

“ಮಾಸ್ತರ ಇಲ್ದ ಆಟ ಸುರು ಮಾಡಂಗಿಲ್ಲಂತ ಬರದೈತಿ ನೋಡೋ” ಎಂದ ಅಣ್ಣ.

“ಹಂಗಾರ ಸಾಲಿಗೆ ಹೋಗೂಣ ನಡಿ” ಎಂದ ರಸೂಲಸಾಬ.

ಹೋದರು. ತಮ್ಮನ್ನು ಏಳನೇ ಇಯತ್ತೆಯಲ್ಲಿ ಬೆತ್ತ ಮುರಿಯುವಂತೆ ಹೊಡೆದಿದ್ದ ಕೊಟ್ರಪ್ಪ ಮಾಸ್ತರನ್ನೇ ಹುಡುಕಿಕೊಂಡು ಹೋಗಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಬನ್ನಿ ನಮ್ಮನ್ನು ಮತ್ತೆ ಆಳಿ ಎಂದು ಕೇಳಿಕೊಂಡರು. ಜಗತ್ತಿನಲ್ಲಿ ಇನ್ನೆಲ್ಲೂ ಈ ಆಟವನ್ನು ಆಡಿಸಲು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಕರೆತಂದಿರಲಾರರು.

ಕೊಟ್ರಪ್ಪ ಮಾಸ್ತರು ಇರಕಲ್ಲಗಡದವರು. ತಂದೆಯದು ಕಿರಾಣಿ ಅಂಗಡಿ. ಅಣ್ಣತಮ್ಮಂದಿರು ಅಂಗಡಿ ಬೆಳೆಸಿದರು, ಇವರು ತಹಸೀಲ್ದಾರನಾಗುತ್ತೇನೆಂದು ಪರೀಕ್ಷೆಗೆ ಕುಳಿತರು, ಮತ್ತೆ ಕುಳಿತರು, ಕುಳಿತೇ ಇದ್ದರು. ಕೊನೆಗೆ ಗಂಗಾವತಿಯಲ್ಲಿ ಮಾಸ್ತರಾದರು. ಆ ಸಿಟ್ಟು ಹೋಗಲೇ ಇಲ್ಲ. ಸಫಾರಿ ತೊಟ್ಟು, ಕಿಸೆಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡೇ ಹೊರಬೀಳುತ್ತಿದ್ದರು. ಯಾರಾದರೂ ಮದುವೆಯ ಕಾರ್ಡು ಕೊಟ್ಟರೆ ನಿಂತಲ್ಲೇ ಕಾಗುಣಿತ ತಿದ್ದಿ ವಾಪಸ್ ಕೊಡುತ್ತಿದ್ದರು. “ಸಾರಿಗೂ ಮಾರ್ಕ್ಸ್ ಹಾಕ್ತಾರವ್ವ, ಉಪ್ಪಿಗೆ ಬ್ಯಾರೆ, ಹುಳಿಗೆ ಬ್ಯಾರೆ” ಎಂದು ಅವರ ಹೆಂಡತಿ ಗುರುಲಿಂಗಮ್ಮ ನಮ್ಮವ್ವನ ಮುಂದೆ ಅತ್ತಿದ್ದುಂಟು. ಇಂಥವರ ಕೈಗೆ ಒಂದು ರಾಜ್ಯವನ್ನೇ ಕೊಟ್ಟರೆ ಹೇಗಿರುತ್ತದೆ? ಅಣ್ಣ ಮತ್ತು ಅವನ ಗೆಳೆಯರು ಕೊಟ್ಟೇಬಿಟ್ಟರು.

ಭಾನುವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಆಟ. ಮಾಸ್ತರು ಕುರ್ಚಿಯ ಮೇಲೆ, ಮೀಸೆ ಬಂದ ಗಂಡಸರೆಲ್ಲ ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಬುತ್ತಿ ಕೊಡುವ ನೆಪದಲ್ಲಿ ಹೋಗಿ ಕಿಟಕಿಯಿಂದ ನೋಡಿದ್ದೇನೆ. ಹಗೇವಿನೊಳಗಿಂದ ಬೆಂಕಿ ಉಗುಳುವ ಉಡ ಎದ್ದು ಬರುತ್ತದೆ. ನಮ್ಮಣ್ಣ ಎದ್ದು ನಿಂತು ಬೆರಳೆತ್ತುತ್ತಾನೆ.

“ಸರ್, ಹೊಡೀಲೇನ್ರಿ?”

ಮಾಸ್ತರು ಕಿಟಕಿಯಾಚೆ ನೋಡುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ. “ಕುಂದ್ರು. ಕೇಳೋ ರೀತಿ ಸರಿ ಇಲ್ಲ” ಎನ್ನುತ್ತಾರೆ. ಉಡ ಪಾಪ ಕಾಯುತ್ತಿರಬೇಕು. ಅಣ್ಣನದು ಕಳ್ಳನ ಪಾತ್ರ, ಹೆಸರು ಮಾತ್ರ ಸ್ವಂತದ್ದೇ. ಲೋಕದಲ್ಲಿ ಅಪ್ಪಣೆ ಕೇಳಿ ಕದಿಯುತ್ತಿದ್ದ ಕಳ್ಳ ಇವನೊಬ್ಬನೇ. ದಾಳ ಏನೇ ಬೀಳಲಿ, ಅಣ್ಣ ದಾಳ ನೋಡುತ್ತಿರಲಿಲ್ಲ, ಮಾಸ್ತರ ಮುಖ ನೋಡುತ್ತಿದ್ದ. ಮುಖ ಅರಳಿದ್ದರೆ ಗೆದ್ದೆ, ಗಂಟಿಕ್ಕಿದ್ದರೆ ಸೋತೆ. ಒಂದು ರೀತಿಯಲ್ಲಿ ಆಟವನ್ನು ಅವನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದ.

ಮುಂದೆ ಮಾಸ್ತರಿಗೆ ಪತ್ರಿಕೆಯ ಹುಚ್ಚು ಹತ್ತಿತು. ‘ಹಗೇವು: ನಡತೆ ಆಟದ ತ್ರೈಮಾಸಿಕ’. ಶಾಲೆಯಲ್ಲಿ ಪ್ರಶ್ನೆಪತ್ರಿಕೆ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರದ ಮೇಲೆ ಮಾಡುತ್ತಿದ್ದುದರಿಂದ ಪರೀಕ್ಷೆ ಹತ್ತಿರ ಬಂದಾಗಲೇ ಸಂಚಿಕೆಯೂ ಬರುತ್ತಿತ್ತು. ಮೊದಲ ಪುಟದಲ್ಲಿ ಸಂಪಾದಕೀಯ: ‘ಇಂದಿನ ಯುವಕರಲ್ಲಿ ಶಿಸ್ತು’. ಕತ್ತಿ, ಮಂತ್ರ, ಬೆಂಕಿಯುಡಗಳ ಪತ್ರಿಕೆಯಲ್ಲಿ ಶಿಸ್ತು! ಎರಡನೆಯ ಪುಟದಲ್ಲಿ ಓದುಗರ ಪತ್ರಗಳು. ‘ಯಲಬುರ್ಗಾದ ಅಭಿಮಾನಿ’ಯೊಬ್ಬ ಪ್ರತಿ ಸಲವೂ ಸಂಪಾದಕರ ಪಾಂಡಿತ್ಯವನ್ನು ಕೊಂಡಾಡುತ್ತಾನೆ, ಮತ್ತು ಪ್ರತಿ ಸಲವೂ ಸಂಪಾದಕರ ಹಾಗೆಯೇ ‘ತತ್ಪರಿಣಾಮವಾಗಿ’ ಎಂದು ಬರೆಯುತ್ತಾನೆ. ಆಟ ನಡೆಸುವವನಿಗೆ ತನ್ನದೇ ಪಾತ್ರ ಇರಬಾರದೆಂದು ಪುಸ್ತಕದಲ್ಲಿ ಇದ್ದದ್ದನ್ನು ಅಣ್ಣ ಅಂಜುತ್ತ ಹೇಳಿದ್ದನಂತೆ. ಮಾಸ್ತರು ‘ರಾಜಗುರು ಕೊಟ್ರೇಶ’ ಎಂಬ ಪಾತ್ರ ತಂದೇ ತಂದರು. ಅವನು ಸಾಯುವುದಿಲ್ಲ, ಸೋಲುವುದಿಲ್ಲ, ಎಲ್ಲ ವೀರರೂ ಹಗೇವಿಗೆ ಇಳಿಯುವ ಮೊದಲು ಅವನ ಪಾದಕ್ಕೆ ಬೀಳಬೇಕು. ಅದನ್ನು ಓದಿದ ಮೇಲೆಯೂ ಗಡ್ಡದವನು ದಾರ್ಶನಿಕ ಎಂದನಲ್ಲ, ಅವನು ಗವಸನ್ನು ಕೈಗಲ್ಲ, ಕಣ್ಣಿಗೆ ಹಾಕಿಕೊಂಡಿದ್ದನೇನೋ.

ಪ್ರತಿ ಸಂಚಿಕೆಯ ಕೊನೆಯಲ್ಲಿ ಒಬ್ಬ ಆಟಗಾರನ ನಡತೆ ಪತ್ರ. ಶಾಲೆಗೆ ಆಗ ಹೆಡ್‌ಮಾಸ್ತರಿರಲಿಲ್ಲ, ಪ್ರಭಾರ ಇವರದೇ. ಶಿಕ್ಕಾ ಇವರ ಕಿಸೆಯಲ್ಲೇ. ಬರಿಯ ಸಹಿ ಹಾಕಿದ್ದರೆ ಸಾಲುತ್ತಿತ್ತು, ಆದರೆ ಶಿಕ್ಕಾ ಒತ್ತದ ಕಾಗದ ಅವರ ಕಣ್ಣಿಗೆ ಕಾಗದವೇ ಅಲ್ಲ. ಪ್ರತಿಯೊಂದು ಪ್ರತಿಯ ಮೇಲೂ ಶಾಲೆಯ ದುಂಡನೆಯ ಶಿಕ್ಕಾ ಒತ್ತಿ, ಕೆಳಗೆ ಸಹಿ ಮಾಡಿದರು.

ತೊಂಬತ್ತೊಂಬತ್ತರಲ್ಲಿ ಅಣ್ಣನಿಗೆ ಕುಷ್ಟಗಿಯಲ್ಲಿ ಹೆಣ್ಣು ನೋಡಿದೆವು. ಹುಡುಗಿಯ ಹೆಸರು ಅಂಜಲಿ. ತಂದೆ ಹೇಮಪ್ಪ ಒಕ್ಕಲುತನದವರು, ತೂಕದ ಮನುಷ್ಯ. ಅಲ್ಲಿಂದ ಬಂದ ಮೇಲೆ ಅಣ್ಣ ಬದಲಾದ. ಇದು ಬೇಕು ಇದು ಬೇಡ ಎಂದು ಹುಟ್ಟಿದಾಗಿನಿಂದ ಬಾಯಿಬಿಟ್ಟು ಹೇಳದವನು, ಊಟಕ್ಕೆ ಕೂತಾಗ ತಲೆ ಎತ್ತದೆ “ಅವ್ವಾ, ಆ ಹುಡುಗಿನ ಆಗ್ಲಿ” ಎಂದ. ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಅವನು ತಾನಾಗಿ ಒಂದನ್ನು ಬಯಸಿದ್ದು ಅದೇ ಮೊದಲು. ಗಿರಣಿಗೆ ಹೋಗುವಾಗ ಹೊಸ ಅಂಗಿ, ಬಾಯಲ್ಲಿ ಸಿಳ್ಳು. ನನಗಂತೂ ಅಂಜಲಿ ಆ ದಿನವೇ ಹಿಡಿಸಿದ್ದಳು. ಹಿತ್ತಲಲ್ಲಿ ನನ್ನನ್ನು ನಿಲ್ಲಿಸಿಕೊಂಡು, “ನಿಮ್ಮಣ್ಣಾರು ಭಾಳ ಸಣ್ಣಗ ಮಾತಾಡ್ತಾರಲ್ಲ, ಮನ್ಯಾಗೂ ಹಂಗನಾ?” ಎಂದು ಕೇಳಿದ್ದಳು. ಹೌದು ಎನ್ನಲು ನಾಚಿಕೆಯಾಗಿ, “ಗುರ್ತಾದ ಮ್ಯಾಲೆ ಮಾತಾಡ್ತಾನ” ಎಂದಿದ್ದೆ.

ಮಾತು ಮುಗಿಸುವ ಮೊದಲು ಹುಡುಗನ ನಡತೆ ವಿಚಾರಿಸುವುದು ಪದ್ಧತಿ. ಹೇಮಪ್ಪನವರು ಗಂಗಾವತಿಗೆ ಬಂದು ಗಿರಣಿಯಲ್ಲಿ ಕೇಳಿದರು, ಓಣಿಯಲ್ಲಿ ಕೇಳಿದರು. ಎಲ್ಲರೂ ಬಂಗಾರದಂಥ ಹುಡುಗ ಎಂದರು. ಅಲ್ಲಿಗೇ ಬಸ್ಸು ಹತ್ತಬಾರದಿತ್ತೇ? ಕಲಿಸಿದ ಗುರುಗಳನ್ನೂ ಒಂದು ಮಾತು ಕೇಳೋಣವೆಂದು ಶಾಲೆಗೆ ಹೋದರು.

“ಗೋವಿಂದರಾಜನ ನಡತಿ ಹೆಂಗರಿ ಸರ?” ಎಂದು ಕೇಳಿದರು.

ಮಾಸ್ತರಿಗೆ ಸ್ವರ್ಗವೇ ಕೈಗೆ ಸಿಕ್ಕಂತಾಗಿರಬೇಕು. “ಬಾಯಿಲೆ ಯಾಕ ಹೇಳ್ಲಿ? ನಡತಿ ಪತ್ರಾನ ಕೊಡ್ತೀನಿ ತಗೋರಿ, ಛಾಪಿಸೀವಿ!” ಎಂದು ‘ಹಗೇವು’ ಪತ್ರಿಕೆಯ ಹೊಸ ಸಂಚಿಕೆ ತೆಗೆದು, ಕೊನೆಯ ಪುಟ ಮೇಲೆ ಬರುವಂತೆ ಮಡಚಿ ಕೈಗಿಟ್ಟರು. ಅದೊಂದು ಆಟದ ಪತ್ರಿಕೆಯೆಂದು ಹೇಳಬೇಕೆಂದೂ ಅವರಿಗೆ ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಕುಷ್ಟಗಿಯವರೆಗೂ ಅದರ ಕೀರ್ತಿ ಹಬ್ಬಿತ್ತು.

ಹೇಮಪ್ಪನವರು ಬಸ್ಸಿನಲ್ಲಿ ಕುಳಿತು ಕನ್ನಡಕ ಹಾಕಿಕೊಂಡು ಓದಿದರು. ಆ ಪುಟ ಈಗ ನನ್ನ ಮುಂದೆಯೇ ಇದೆ. ‘ಹೆಸರು: ಗೋವಿಂದರಾಜ. ಕಸುಬು: ಕಳ್ಳತನ. ಬಲ: ಮಧ್ಯಮ. ಬುದ್ಧಿ: ಸಾಧಾರಣಕ್ಕಿಂತ ಕಡಿಮೆ. ಬೀಗ ಮುರಿಯುವುದರಲ್ಲಿ ಉತ್ತಮ. ಆನೆಗೊಂದಿಯ ಖಜಾನೆ ಲೂಟಿಯಲ್ಲಿ ಭಾಗಿ. ಕೊಲೆಗಳು: ಸಾಕಷ್ಟು. ಸಂಸಾರ: ಅರಮನೆಯ ದಾಸಿಯೊಬ್ಬಳನ್ನು ಇಟ್ಟುಕೊಂಡಿದ್ದಾನೆ. ಮೇಲ್ಕಂಡ ವಿವರಗಳು ನನಗೆ ತಿಳಿದ ಮಟ್ಟಿಗೆ ಸತ್ಯವೆಂದು ದೃಢೀಕರಿಸಿದೆ.’ ಕೆಳಗೆ ಸಹಿ, ಪ್ರಭಾರ ಮುಖ್ಯಗುರುಗಳು, ನೇರಳೆ ಶಿಕ್ಕಾ.

ವಾರದೊಳಗೆ ಕುಷ್ಟಗಿಯಿಂದ ಮಾತು ಬಂತು. ಸಾಲಿಯವರೇ ಶಿಕ್ಕಾ ಹಾಕಿ ಕಳ್ಳ ಅಂತ ಬರೆದುಕೊಟ್ಟಿರುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ, ಇಟ್ಟುಕೊಂಡವಳನ್ನೇ ಮದುವೆಯಾಗಲಿ. ಜೊತೆಗೆ ಸಂಚಿಕೆಯನ್ನೂ ಕಳಿಸಿದ್ದರು. ಅವ್ವನಿಗೆ ಓದು ಬಾರದು, ನಾನು ಓದಿ ಹೇಳಿದೆ. “ಯಾರಲೇ ಆಕಿ?” ಎಂದು ಅವ್ವ ಅಣ್ಣನ ಮೇಲೆ ಎಗರಿಬಿದ್ದಳು. ಅವಳು ಕಾಗದದ ಮೇಲಿನ ಹೆಂಗಸೆಂದು ನಂಬಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು.

“ಹೋಗಿ ಹೇಳಣ್ಣ, ಆಟ ಅದು, ನಾನು ಕಳ್ಳಲ್ಲಂತ. ಎರಡ ಮಾತು” ಎಂದೆ.

“ಮಾಸ್ತರ್ ಸಹಿ ಐತಲ್ಲವಾ. ಮಾಸ್ತರ್ ಹೇಳ್ಬೇಕು” ಎಂದ. ಅವನ ಕಣ್ಣು ತುಂಬಿತ್ತು. ಅಳುತ್ತಲೂ ಅಪ್ಪಣೆಗೆ ಕಾಯುತ್ತಿದ್ದ.

ಮಾಸ್ತರ ಮನೆಗೆ ನಾನೇ ಅವನನ್ನು ಎಳೆದುಕೊಂಡು ಹೋದೆ. ಕುಷ್ಟಗಿಗೆ ಬಂದು, ಇದು ಬರೀ ಆಟ, ಬರೆದದ್ದೆಲ್ಲ ಸುಳ್ಳು ಎಂದು ಹೇಳಿ ಎಂದು ಕೇಳಿದೆ. ಮಾಸ್ತರು ಸಫಾರಿಯ ಗುಂಡಿ ಹಾಕಿಕೊಂಡರು.

“ಬರ್ತೀನಿ. ಬರಂಗಿಲ್ಲಂತ ಯಾವಾಗ ಅಂದೆ? ಆದ್ರ ಸುಳ್ಳು ಅನ್ನಂಗಿಲ್ಲ. ಶಿಕ್ಕಾ ಒತ್ತಿದ್ದು ಸುಳ್ಳು ಅಂದ್ರ ಶಿಕ್ಕಾದ ಮರ್ಯಾದಿ ಏನಾಗ್ಬೇಕು?”

“ನಮ್ಮಣ್ಣನ ಮರ್ಯಾದಿ ಏನಾಗ್ಬೇಕ್ರಿ ಸರ?”

“ಅವ ಛಲೋ ಕಳ್ಳ ಅದಾನವ್ವ. ನಾನ ತಯಾರ್ ಮಾಡೀನಿ” ಎಂದರು. ಅಣ್ಣನ ಮುಖದಲ್ಲಿ, ಆ ದುಃಖದ ನಡುವೆಯೂ, ಒಂದು ಹಿಗ್ಗು ಮೂಡಿತು. ಮಾಸ್ತರು ಛಲೋ ಅಂದಿದ್ದರಲ್ಲ! ನನಗೆ ಇಬ್ಬರ ತಲೆಯನ್ನೂ ಒಂದಕ್ಕೊಂದು ಬಡಿಯಬೇಕೆನಿಸಿತು.

ಅವ್ವನಿಗೆ ಮೊಣಕಾಲು ನೋವು, ಬರಲಿಲ್ಲ. ನಾವು ಮೂವರು ಕುಷ್ಟಗಿಗೆ ಹೋದೆವು. ಹೇಮಪ್ಪನವರು ಮನೆಗೆ ಬಂದವರನ್ನು ಹೊರಗೆ ನಿಲ್ಲಿಸುವ ಪೈಕಿ ಅಲ್ಲ. ಕಾಲಿಗೆ ನೀರು ಕೊಟ್ಟರು, “ಬರ್ರಿ, ಕುಂದರ್ರಿ” ಎಂದು ಕುರ್ಚಿ ಹಾಕಿಸಿದರು. ಮಾಸ್ತರು ಕುರ್ಚಿ ಕಂಡದ್ದೇ ತಡ, ಪಾಠ ಆರಂಭಿಸಿದರು. ಚೀಲದಿಂದ ದಾಳ ತೆಗೆದರು, ಹಗೇವಿನ ನಕ್ಷೆ ಹಾಸಿದರು, ರಾಜಗುರು ಕೊಟ್ರೇಶನ ಮಹಿಮೆಯನ್ನು ವಿವರಿಸಿದರು. ಬಂದದ್ದು ಯಾಕೆಂಬುದನ್ನೇ ಮರೆತರು. ಹೇಮಪ್ಪನವರು ತಾಳ್ಮೆಯಿಂದ ಕೇಳಿದರು. ಬರಬರುತ್ತ ಅವರ ಮುಖ ಸಡಿಲವಾಯಿತು, ಮೀಸೆಯಡಿ ನಗು ಬಂತು.

“ಹಂಗಾರ ಇದು ಚೌಕಾಬಾರ ಇದ್ದಂಗ ಅನ್ರಿ. ಕಳ್ಳ ಗಿಳ್ಳ ಎಲ್ಲಾ ಆಟದ ಮಾತು.”

“ಹೌದ್ರಿ ಯಜಮಾನ್ರ” ಎಂದೆ ನಾನು, ಮಾಸ್ತರಿಗಿಂತ ಮೊದಲು. ಮಾಸ್ತರು ನನ್ನತ್ತ ಕೆಂಗಣ್ಣು ಬಿಟ್ಟರು. ಚೌಕಾಬಾರ ಎಂದದ್ದು ಅವರಿಗೆ ಎದೆಗೇ ತಾಗಿತ್ತು.

ಒಳಗಿನಿಂದ ಚಹಾ ಬಂತು. ತಂದವಳು ಅಂಜಲಿಯೇ. ಕೊಟ್ಟು ಹೋದವಳು ಪೂರ್ತಿ ಒಳಗೆ ಹೋಗದೆ ಬಾಗಿಲ ಚೌಕಟ್ಟಿಗೆ ಆತು ನಿಂತಳು. ಅಣ್ಣ ಒಮ್ಮೆ ಅತ್ತ ನೋಡಿ ಕಪ್ಪಿನಡಿಯ ಬಸಿಯತ್ತ ಕಣ್ಣಿಳಿಸಿದ. ನನಗೆ ಎಲ್ಲ ಸರಿಹೋಯಿತೆಂದೇ ಅನ್ನಿಸಿತ್ತು. ಹೇಮಪ್ಪನವರು ಅಣ್ಣನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಮಾವನಾಗುವವನ ಚೇಷ್ಟೆಯಿತ್ತು.

“ಅವ್ರ ಹೇಳಿದ್ದಾತು. ಈಗ ನೀನ ಒಂದ್ ಮಾತು ಹೇಳಿಬಿಡು ತಮ್ಮಾ. ನೀನು ಕಳ್ಳ ಹೌದೋ ಅಲ್ಲೋ?”

ಅಲ್ಲ ಎನ್ನಬೇಕಿತ್ತು, ಅಷ್ಟೇ. ತೊಟ್ಟಿಲ ಕೂಸಿಗೂ ಬರುವ ಮಾತು. ಅಣ್ಣ ಬಾಯಿ ತೆರೆದ. ತೆರೆದವನು ತಿರುಗಿ ಮಾಸ್ತರ ಮುಖ ನೋಡಿದ.

ಮಾಸ್ತರು ಬಸಿಗೆ ಚಹಾ ಸುರುವಿಕೊಳ್ಳುತ್ತಿದ್ದರು. ಅಣ್ಣ ನೋಡುತ್ತಿದ್ದುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ನಿಧಾನವಾಗಿ ಊದಿ ಕುಡಿದರು. ಅಷ್ಟು ಜನರ ಮುಂದೆ ಒಬ್ಬ ಬೆಳೆದ ಗಂಡಸು ತಮ್ಮ ಅಪ್ಪಣೆಗೆ ಕಾಯುವುದು ಅವರಿಗೆ ಆ ಚಹಾಕ್ಕಿಂತ ಹೆಚ್ಚು ರುಚಿಸಿತು. ನಾನು ಅಣ್ಣನ ಮೊಣಕೈ ತಿವಿದೆ. ಅವನಿಗೆ ಗೊತ್ತಾಗಲಿಲ್ಲ. ಕೊನೆಗೆ, “ಮಾಸ್ತರ್ ಹೆಂಗ್ ಹೇಳ್ತಾರ ಹಂಗ್ರಿ” ಎಂದ.

ಮಾಸ್ತರು ಬಸಿ ಕೆಳಗಿಟ್ಟು ತೀರ್ಪು ಕೊಟ್ಟರು. “ಪತ್ರದಾಗ ಏನೈತಿ, ಅದ ಖರೆ.”

ಹೇಮಪ್ಪನವರು ಇದಕ್ಕೂ ನಕ್ಕುಬಿಟ್ಟರು. ಹುಚ್ಚು ಮಾಸ್ತರ, ಮೆತ್ತನ್ನ ಹುಡುಗ, ಆಗಲಿ ಎನ್ನುವ ಹಾಗೆ ತಲೆಯಾಡಿಸಿ, “ಇರ್ಲಿ ಬಿಡ್ರಿ, ನಮಗ ತಿಳೀತು. ಮುಂದಿನ ಮಾತಾಡೂಣು” ಎಂದರು. ಅಷ್ಟರಲ್ಲಿ ಬಾಗಿಲಿನಿಂದ ಅಂಜಲಿಯ ದನಿ ಬಂತು.

“ಬ್ಯಾಡಪ್ಪ.”

ಎಲ್ಲರೂ ಅತ್ತ ತಿರುಗಿದೆವು. ಹುಡುಗಿ ಮುಖ ತಗ್ಗಿಸಿರಲಿಲ್ಲ.

“ಯಾಕವ್ವಾ? ಆಟ ಅಂತ ಹೇಳಿದ್ರಲ್ಲ, ಅವ ಕಳ್ಳಲ್ಲ” ಎಂದರು ಹೇಮಪ್ಪನವರು.

“ಕಳ್ಳ ಆಗಿದ್ರ ಹೊಂದ್ಕೊಂಡು ಹೋಗ್ತಿದ್ದೆನೇನೋ. ಕಳ್ಳ ಅಂದ್ರೂ ತನ್ನ ಕಾಲ ಮ್ಯಾಲ ಓಡ್ತಾನ. ತಾನು ಯಾರು ಅಂತ ಹೇಳಾಕ ಇನ್ನೊಬ್ರ ಮಾರಿ ನೋಡೋರ ಕೂಡ ನಾ ಹೆಂಗ ಬಾಳ್ವಿ ಮಾಡ್ಲಿ? ಮನ್ಯಾಗ ನಾನು ಒಂದ್ ಮಾತು ಕೇಳಿದ್ರ ಉತ್ರಕ್ಕ ಗಂಗಾವತಿ ಸಾಲಿಗೆ ಹೋಗ್ಬೇಕೇನು?”

ಹೇಮಪ್ಪನವರು ಗದರಲಿಲ್ಲ. ಮಗಳನ್ನು ನೋಡಿದರು, ಅಣ್ಣನನ್ನು ನೋಡಿದರು. ಆಮೇಲೆ ಎದ್ದು, ನಮ್ಮ ಚೀಲಗಳನ್ನು ತಾವೇ ಎತ್ತಿ ಹೊರಗಿನ ಕಟ್ಟೆಯ ಮೇಲೆ ಮರ್ಯಾದೆಯಿಂದ ಇಟ್ಟರು. ನಾನು ಅಂಜಲಿಯತ್ತ ನೋಡಿದೆ. ಸಿಟ್ಟು ಮಾಡಬೇಕೆಂದುಕೊಂಡೆ, ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಅಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ.

ವಾಪಸು ಬರುವ ಬಸ್ಸು ತಾವರಗೇರಾ ದಾಟಿತು. ಅಣ್ಣ ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದ. ಹೊಸ ಅಂಗಿಯ ಬೆನ್ನು ಬೆವರಿ ಅಂಟಿಕೊಂಡಿತ್ತು. ಈಗಲಾದರೂ ತಿರುಗಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯುತ್ತಾನೆ, ಒಂದು ಬೈಗುಳವಾದರೂ ಬೈಯುತ್ತಾನೆ ಎಂದು ನಾನು ಕಾಯುತ್ತಿದ್ದೆ. ದೇವರಾಣೆಗೂ ಕಾಯುತ್ತಿದ್ದೆ. ಬೈದಿದ್ದರೆ ಅದೇ ಬಸ್ಸನ್ನು ಇಳಿದು, ಇನ್ನೊಂದು ಹಿಡಿದು, ಅವನನ್ನು ಮತ್ತೆ ಅಂಜಲಿಯ ಬಾಗಿಲಿಗೆ ಕರೆದುಕೊಂಡು ಹೋಗುತ್ತಿದ್ದೆ.

ಮಾಸ್ತರು ಕಿಸೆಯಿಂದ ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು. “ಹುಡುಗಿ ಭಾಳ ಚುರುಕು ಅದಾಳಲೇ ಗೋವಿಂದ. ನಮ್ಮ ಆಟಕ್ಕ ಬಂದಿದ್ರ, ಬುದ್ಧಿಗೆ ನಿನಕಿಂತ ದುಪ್ಪಟ್ಟು ಮಾರ್ಕ್ಸ್ ಹಾಕ್ತಿದ್ದೆ” ಎಂದರು.

ಅಣ್ಣ ಕಿಟಕಿಯಿಂದ ತಿರುಗಿದ. ಕಣ್ಣು ಕೆಂಪಗಿದ್ದವು. ಮಾಸ್ತರ ಮುಖ ನೋಡಿದ. ಮಾಸ್ತರು ನಗುತ್ತಿದ್ದರು. ಅದನ್ನು ಖಾತ್ರಿ ಮಾಡಿಕೊಂಡು ಅವನೂ ನಕ್ಕ.